ಒಂದೇ ಪುಸ್ತಕದ ಸಮ್ಮೇಳನ

ನಮ್ಮ ಅಪ್ಪನಿಗೆ ಗೊತ್ತಿಲ್ಲದ ವಿಷಯ ಅಂತ ಯಾವುದೂ ಇರಲಿಲ್ಲ. ಬಾಗಲಕೋಟೆಯ ಹೈಸ್ಕೂಲೊಂದರಲ್ಲಿ ಅವನು ಕಲಿಸುತ್ತಿದ್ದದ್ದು ಕನ್ನಡ. ಆದರೆ ಮಳೆ ಯಾಕೆ ಹಿಂದಕ್ಕೆ ಹೋಯಿತು, ದಿಲ್ಲಿಯ ಸರಕಾರ ಯಾಕೆ ಬಿತ್ತು, ಪಕ್ಕದ ಮನೆಯ ಎಮ್ಮೆ ಯಾಕೆ ಹಾಲು ಕಡಿಮೆ ಮಾಡಿತು, ಎಲ್ಲಕ್ಕೂ ಅವನ ಹತ್ತಿರ ಉತ್ತರ ತಯಾರಿರುತ್ತಿತ್ತು. ದಾರಿ ಕೇಳಿದವರಿಗೆ ತಾನು ಎಂದೂ ಕಾಲಿಡದ ಓಣಿಯ ದಾರಿಯನ್ನೂ ಕೈ ಮಾಡಿ ತೋರಿಸಿ ಕಳಿಸುತ್ತಿದ್ದ. ಹಾಗೆ ಹೋದವರು ತಿರುಗಿ ಬಂದು ನಮ್ಮ ಕಟ್ಟೆಯ ಮುಂದೆ ಜಗಳಾಡಿದ್ದೂ ಉಂಟು. ಅವ್ವ ಒಳಗಿನಿಂದಲೇ, "ಒಮ್ಮೆರ ಗೊತ್ತಿಲ್ಲ ಅಂದ್ರ ನಾಲಿಗಿ ಸವೀತೈತೇನ್ರಿ?" ಅನ್ನುತ್ತಿದ್ದಳು. ಅದಕ್ಕೂ ಅಪ್ಪನ ಹತ್ತಿರ ಉತ್ತರ ಇರುತ್ತಿತ್ತು.

ಇಂಥವನ ಕೈಗೆ ಒಂದು ಜಪಾನೀ ಪುಸ್ತಕ ಬಂದರೆ ಏನಾಗಬೇಕೋ ಅದೇ ಆಯಿತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಇಳಕಲ್ಲಿನ ಸುತ್ತಲಿನ ಕೆಂಪು ಗ್ರಾನೈಟಿಗೆ ಆಗ ಪರದೇಶದಲ್ಲಿ ಬೇಡಿಕೆ ಹುಟ್ಟಿತ್ತು. ಕಲ್ಲು ಆರಿಸಲಿಕ್ಕೆ ಜಪಾನಿನಿಂದ ಒಬ್ಬ ವ್ಯಾಪಾರಿ ಬರುತ್ತಿದ್ದ. ಮಾತು ಕಡಿಮೆ. ಕಲ್ಲಿನ ಮೇಲೆ ನೀರು ಸುರಿಸಿ, ಬಗ್ಗಿ ನೋಡಿ, ಬೇಕಾದದ್ದಕ್ಕೆ ಒಂದು ಗುರುತು, ಬೇಡವಾದದ್ದಕ್ಕೆ ಇನ್ನೊಂದು ಗುರುತು ಹಾಕಿ ಹೋಗುತ್ತಿದ್ದ. ಒಂದು ಸಲ ಹೋಗುವಾಗ ಪ್ರವಾಸಿ ಮಂದಿರದ ಕೋಣೆಯಲ್ಲಿ ದಪ್ಪನೆಯ ಒಂದು ಚಿತ್ರಪುಸ್ತಕ ಬಿಟ್ಟು ಹೋದ. ಖಣಿಯೊಂದರಲ್ಲಿ ಗುಮಾಸ್ತನಾಗಿದ್ದ ಅಪ್ಪನ ಹಳೆಯ ವಿದ್ಯಾರ್ಥಿ ಅದನ್ನು ತಂದು ನಮ್ಮ ಕಟ್ಟೆಯ ಮೇಲಿಟ್ಟು, "ಏನೈತ್ರಿ ಸರ್ ಇದ್ರಾಗ?" ಎಂದು ಕೇಳಿದ. ಅಪ್ಪನಿಗೆ ಇಂಥ ಪ್ರಶ್ನೆ ಕೇಳಬಾರದಿತ್ತು.

ಪುಸ್ತಕದ ತುಂಬ ಕಪ್ಪುಬಿಳುಪು ಚಿತ್ರಗಳು. ಮನುಷ್ಯರ ಕಣ್ಣುಗಳು ಅರ್ಧ ಮುಖದಷ್ಟು ದೊಡ್ಡವು, ಕೂದಲು ನೆಟ್ಟಗೆ ನಿಂತದ್ದು. ಅಕ್ಷರ ಒಂದೂ ಓದಲು ಬರುತ್ತಿರಲಿಲ್ಲ. ಅಪ್ಪ ಕನ್ನಡ ಪುಸ್ತಕ ತೆರೆಯುವ ಹಾಗೆಯೇ ತೆರೆದು, ಎಡದಿಂದ ಬಲಕ್ಕೆ ಹಾಳೆ ತಿರುವುತ್ತ, ಅವತ್ತೇ ಸಂಜೆ ನೆರೆಹೊರೆಯವರಿಗೆಲ್ಲ ಕಥೆ ಹೇಳಿದ. ಒಬ್ಬ ಹುಡುಗ. ಮೊದಲ ಪುಟಗಳಲ್ಲಿ ಅವನು ತನ್ನ ತಾಯಿಯನ್ನು ತಬ್ಬಿಕೊಂಡಿದ್ದಾನೆ, ಮನೆಯಲ್ಲಿ ದೀಪ ಉರಿಯುತ್ತಿದೆ. ಆಮೇಲೆ ಮಳೆ, ರೈಲು, ಒಂದು ದೊಡ್ಡ ಸಂತೆ, ಒಬ್ಬ ದಪ್ಪ ಮನುಷ್ಯನ ಕೂಡ ಹೊಡೆದಾಟ. ಕಡೆಯ ಪುಟದಲ್ಲಿ ಹುಡುಗ ಬೆನ್ನಿಗೆ ಗಂಟು ಕಟ್ಟಿಕೊಂಡು ಖಾಲಿ ರಸ್ತೆಯ ಮೇಲೆ ಒಬ್ಬನೇ ನಿಂತಿದ್ದಾನೆ. "ಇದು ತಾಯಿ ಮಗನ ಅಗಲಿಕಿ. ಜಪಾನಿನ ಮಹಾಕಾವ್ಯ" ಎಂದು ಅಪ್ಪ ಕಣ್ಣು ಒರೆಸಿಕೊಂಡ. ಓಣಿಯವರೂ ಕಣ್ಣು ಒರೆಸಿಕೊಂಡರು.

ಸಣ್ಣಪುಟ್ಟ ತೊಡಕುಗಳಿದ್ದವು. ಹೊಡೆದಾಟದಲ್ಲಿ ಚೂರುಚೂರಾಗಿ ಬಿದ್ದಿದ್ದ ಗಡಿಗೆ ಮುಂದಿನ ಪುಟದಲ್ಲಿ ಇಡಿಯಾಗಿ ಕಟ್ಟೆಯ ಮೇಲೆ ಕೂತಿತ್ತು. ಯಾರೋ ಅದನ್ನು ಎತ್ತಿ ಆಡಿದಾಗ ಅಪ್ಪ ತಡವರಿಸಲಿಲ್ಲ. ಅದು ಸಂಕೇತ, ಜಪಾನೀಯರು ಪುನರ್ಜನ್ಮವನ್ನು ನಂಬುತ್ತಾರೆ, ಗಡಿಗೆ ಅಂದರೆ ಈ ದೇಹ ಎಂದ. ಆ ಗಡಿಗೆಯ ಮೇಲೆ ಮುಂದೆ ಅವನು ಒಂದು ತಾಸಿನ ಉಪನ್ಯಾಸವನ್ನೇ ಕೊಟ್ಟ.

ಕೇಳಲಿಕ್ಕೆ ಬರುವವರು ಕಟ್ಟೆಯ ಮೇಲೆ ಹಿಡಿಸದಾದರು. ನಾಲ್ಕು ಮಂದಿ ಕೂಡಿದಲ್ಲಿ ನಮ್ಮವರಿಗೆ ಒಬ್ಬ ಅಧ್ಯಕ್ಷ ಬೇಕಾಗುತ್ತಾನೆ, ಅಧ್ಯಕ್ಷನಾದ ಮೇಲೆ ಒಬ್ಬ ಕಾರ್ಯದರ್ಶಿ, ಅವರಿಬ್ಬರಿಗೂ ಹಾರ ಹಾಕಲಿಕ್ಕೆ ಒಂದು ಸ್ವಾಗತ ಸಮಿತಿ. ಹಾಗೆ ಹುಟ್ಟಿದ್ದು ಜಪಾನೀ ಚಿತ್ರಕಾವ್ಯ ಅಭಿಮಾನಿಗಳ ಸಮ್ಮೇಳನ. ಮೊದಲನೆಯದು ಬಾಗಲಕೋಟೆಯಲ್ಲೇ ಆಯಿತು. ಪುಸ್ತಕವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ತೆರೆದ ಜೀಪಿನಲ್ಲಿಟ್ಟು, ಡೊಳ್ಳು ಬಾರಿಸುತ್ತ ಮೆರವಣಿಗೆ ಮಾಡಿದರು. ಇದ್ದದ್ದು ಒಂದೇ ಪ್ರತಿ. ಹಾಳೆ ಹರಿದೀತೆಂದು ಅಪ್ಪ ಯಾರ ಕೈಗೂ ಕೊಡುತ್ತಿರಲಿಲ್ಲ. ಹೀಗಾಗಿ ಅಭಿಮಾನಿಗಳಲ್ಲಿ ಮುಕ್ಕಾಲು ಮಂದಿ ಪುಸ್ತಕವನ್ನು ಕಣ್ಣಾರೆ ಕಂಡವರಲ್ಲ. ಅವರೇ ಹೆಚ್ಚು ಗಟ್ಟಿಯಾಗಿ ಜೈ ಅನ್ನುತ್ತಿದ್ದರು.

ವೇಷದ ಸ್ಪರ್ಧೆಯೂ ಇತ್ತು. ಪುಸ್ತಕದ ಹುಡುಗನಂತೆ ಬರಬೇಕು. ಔಡಲೆಣ್ಣೆಗೆ ಜಾಲಿ ಅಂಟು ಕಲಸಿ ಕೂದಲು ನಿಲ್ಲಿಸಿಕೊಂಡವರು ಕೆಲವರು. ಅವರ ತಾಯಂದಿರು ಮುಂದೆ ವಾರಗಟ್ಟಲೆ ಅಪ್ಪನನ್ನು ಬೈದರು. ಉಳಿದವರು ದೊಡ್ಡಾಟದ ವೇಷದ ಪೆಟ್ಟಿಗೆ ಬಾಡಿಗೆಗೆ ತಂದಿದ್ದರು. ಬಹುಮಾನ ಹೋದದ್ದು ಕಿರೀಟ, ಭುಜಕೀರ್ತಿ ಹಾಕಿಕೊಂಡು ಗದೆ ಹಿಡಿದು ಬಂದ ಒಬ್ಬ ದಲಾಲಿಯ ಮಗನಿಗೆ. ಪುಸ್ತಕದಲ್ಲಿ ಕಿರೀಟವೂ ಇರಲಿಲ್ಲ, ಗದೆಯೂ ಇರಲಿಲ್ಲ. ಆದರೆ ಮಂಟಪದ ತಗಡು ಕೊಟ್ಟವನು ಆ ದಲಾಲಿ.

ಎರಡನೆಯ ಸಮ್ಮೇಳನ ಬಾದಾಮಿಯಲ್ಲಿ. ಅಲ್ಲಿ ಅಪ್ಪನ ಗೆಳೆಯರಾದ ಉರ್ದು ಶಾಲೆಯ ಮಾಸ್ತರರು ಬಂದಿದ್ದರು. ಅಪ್ಪನಷ್ಟೇ ವಿದ್ವಾಂಸರು, ಅಂದರೆ ಅಪ್ಪನಷ್ಟೇ ಹಟಮಾರಿ. ಗೆಳೆತನದ ಸಲುಗೆಯಿಂದ ಪುಸ್ತಕವನ್ನು ಕೈಗೆ ತೆಗೆದುಕೊಂಡವರು, ತಮಗೆ ರೂಢಿಯಿದ್ದ ಹಾಗೆ ಬಲಗಡೆಯಿಂದ ತೆರೆದು ನೋಡತೊಡಗಿದರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು.

"ಮಾಸ್ತರ, ಇದು ಅಳೂ ಕಥಿ ಅಲ್ರಿ. ಹುಡುಗ ಒಬ್ಬನ ಹೊಂಟಾನ, ಕಷ್ಟ ಪಡ್ತಾನ, ಕಡೀಕ ತಾಯಿ ಸಿಗ್ತಾಳ. ಗಡಿಗಿನೂ ಮೊದಲ ಇಡಿಯಾಗಿ ಇರತೈತಿ, ಆಮ್ಯಾಲ ಒಡೀತೈತಿ ನೋಡ್ರಿ."

ಗಡಿಗೆಯ ಮಾತು ಅಪ್ಪನಿಗೆ ನಾಟಿತು. "ನಿಮಗ ಗಡಿಗಿ ಕಾಣಸ್ತೈತಿ, ನನಗ ತತ್ವ ಕಾಣಸ್ತೈತಿ" ಎಂದ.

ಅಲ್ಲಿಗೆ ಅಭಿಮಾನಿಗಳು ಎರಡು ಪಂಗಡವಾದರು. ಎಡದವರು ದುಃಖಾಂತ ಅಂದರು, ಬಲದವರು ಸುಖಾಂತ ಅಂದರು. ಗುಡ್ಡದ ಕೆಳಗೆ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕೂತು ಕೂಗಾಡಿದರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಆಸ್ತಿಯ ಜಗಳ ಅಂದುಕೊಂಡರು. ಕಡೆಗೆ ಹಿರಿಯರು ಕೂಡಿ ಒಂದು ಠರಾವು ಮಾಡಿದರು: ಊಟಕ್ಕೆ ಮೊದಲು ಪುಸ್ತಕವನ್ನು ಎಡದಿಂದ ವಿವರಿಸತಕ್ಕದ್ದು, ಊಟದ ನಂತರ ಬಲದಿಂದ. ಮುಂಜಾನೆ ಅತ್ತ ಮಂದಿಯೇ ಮಧ್ಯಾಹ್ನ ಹೋಳಿಗೆ ಉಂಡು ಚಪ್ಪಾಳೆ ಹೊಡೆದರು. ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ.

ನಗು ಬರುವುದು ಇಲ್ಲಿಯವರೆಗೆ. ಮೂರನೆಯ ಸಮ್ಮೇಳನ ಇಳಕಲ್ಲಿನಲ್ಲಿ ಎಂದು ಗೊತ್ತಾದ ಮೇಲೆ, ಅದರ ಪೂರ್ವಭಾವಿ ಸಭೆ ನಮ್ಮ ಮನೆಯಲ್ಲಿ ನಡೆಯಿತು. ನಾನಾಗ ಎಂಟನೆಯ ಇಯತ್ತೆ. ಪಡಸಾಲೆ ತುಂಬ ಮಂದಿ. ಅವ್ವ ನಸುಕಿನಿಂದ ರೊಟ್ಟಿ ಬಡಿದಿದ್ದಳು, ಹೊಗೆಗೆ ಕಣ್ಣು ಕೆಂಪಾಗಿದ್ದವು. ಎರಡು ಸಮ್ಮೇಳನಕ್ಕೆ, ಅವುಗಳ ಎಲ್ಲ ಪೂರ್ವಭಾವಿ ಸಭೆಗಳಿಗೆ ರೊಟ್ಟಿ ಬಡಿದವಳಿಗೆ ಆ ಪುಸ್ತಕವನ್ನು ಯಾರೂ ತೆರೆದು ತೋರಿಸಿರಲಿಲ್ಲ. ಬಡಿಸುತ್ತ ಬಡಿಸುತ್ತ ಕಥೆಯನ್ನು ತುಂಡುತುಂಡಾಗಿ ಕೇಳಿಸಿಕೊಂಡಿದ್ದಳು. ಅವತ್ತು ಅಪ್ಪ ಕಡೆಯ ಪುಟದ ಖಾಲಿ ರಸ್ತೆಯನ್ನು ವರ್ಣಿಸುತ್ತಿರುವಾಗ, ಪಲ್ಲೆಯ ಪಾತ್ರೆ ಹಿಡಿದು ನಿಂತವಳು ತನಗೇ ತಿಳಿಯದಂತೆ ಕೇಳಿಬಿಟ್ಟಳು.

"ಮುಂದ ಏನಾತ್ರಿ ಆ ಹುಡುಗಂದು?"

ಅಪ್ಪ ಮಾತು ನಿಲ್ಲಿಸಿದ. "ಮುಂದ ಏನೂ ಇಲ್ಲ. ಕಥಿ ಮುಗಿದೈತಿ."

"ಹಂಗಂದ್ರ ಹೆಂಗ್ರಿ? ಅಷ್ಟು ಸಣ್ಣ ಹುಡುಗ. ರಾತ್ರಿ ಎಲ್ಲೆರ ಉಂಡಿರಬೇಕಲ್ಲ, ಮಲಗಿರಬೇಕಲ್ಲ."

ಯಾರೋ ನಕ್ಕರು. ಅಪ್ಪನಿಗೆ ಅವಮಾನ ಆಯಿತೋ ಏನೋ. "ಇದು ಸಾಹಿತ್ಯ. ನಿನಗ ತಿಳಿಯೂದಲ್ಲ. ನೀ ಒಳಗ ಹೋಗಿ ರೊಟ್ಟಿ ನೋಡು" ಎಂದ, ಎಲ್ಲರ ಎದುರಿಗೆ.

ಅವ್ವ ಒಳಗೆ ಹೋದಳು. ಎಲ್ಲರಿಗೂ ಎರಡನೆಯ ಸಲ ಬಡಿಸಿದಳು, ಮೊಸರು ಹಾಕಿದಳು, ಎಲೆ ಅಡಿಕೆ ಕೊಟ್ಟಳು. ಮರುದಿನ ಮುಂಜಾನೆ ಚೀಲ ಹಿಡಿದು ತವರಿಗೆ, ಹುನಗುಂದಕ್ಕೆ ಹೋದಳು. "ನೀ ಸಾಲಿ ತಪ್ಪಸಬ್ಯಾಡ" ಎಂದು ನನ್ನನ್ನು ಬಿಟ್ಟು ಹೋದಳು. ಯಾವಾಗ ಬರುತ್ತೀ ಎಂದರೆ ತಲೆ ಸವರಿ ಬಸ್ಸು ಹತ್ತಿದಳು.

ವಾರ ಕಳೆಯಿತು, ತಿಂಗಳು ಕಳೆಯಿತು. ಅಪ್ಪ ಓಣಿಯವರಿಗೆಲ್ಲ, ತವರಿನಲ್ಲಿ ಬ್ಯಾಳಿ ಹಸನು ಮಾಡುವ ಸುಗ್ಗಿ, ಅದಕ್ಕೇ ಹೋಗಿದ್ದಾಳೆ ಎಂದು ಉತ್ತರ ಕೊಟ್ಟ. ತಾನೇ ರೊಟ್ಟಿ ಬಡಿದ. ರೊಟ್ಟಿ ಹರಿದರೆ ಜೋಳದ ತಪ್ಪು, ಸೀದರೆ ಕಟ್ಟಿಗೆಯ ತಪ್ಪು. ನಾನು ತಿಂದೆ. ರಾತ್ರಿ ಅವ್ವನ ಹಳೆಯ ಸೀರೆ ಹೊದ್ದು ಮಲಗುತ್ತಿದ್ದೆ, ಅಳುತ್ತಿದ್ದೆ. ಹೋಗಿ ಕರೆದುಕೊಂಡು ಬಾ ಎಂದು ಒಮ್ಮೆ ಅಪ್ಪನಿಗೆ ಹೇಳಿದೆ. "ಹೋದಾಕಿ ತಾನ ಬರ್ತಾಳ, ನಿನಗ ತಿಳಿಯೂದಿಲ್ಲ" ಎಂದ. ನನಗೆ ತಿಳಿದದ್ದು ಒಂದೇ: ಅವ್ವ ಬರಲಿಕ್ಕಿಲ್ಲ.

ಅಪ್ಪ ಇಲ್ಲದಾಗ ನಾನು ಪೆಟ್ಟಿಗೆಯಿಂದ ಆ ಪುಸ್ತಕ ತೆಗೆದು ನೋಡುತ್ತಿದ್ದೆ. ಎಡದಿಂದ ನೋಡಿದರೆ ತಾಯಿ ಹೋಗುತ್ತಾಳೆ. ಬಲದಿಂದ ನೋಡಿದರೆ ಬರುತ್ತಾಳೆ. ಹುಡುಗನಿಗೆ ತಾಯಿ ಸಿಗುವುದು ಖರೆಯಾಗಿದ್ದರೆ ನನಗೂ ಅವ್ವ ಸಿಗುತ್ತಾಳೆ ಎಂದು ನನ್ನ ತಲೆಯಲ್ಲಿ ಹೇಗೋ ಕೂತುಬಿಟ್ಟಿತ್ತು. ಅಪ್ಪನ ಮಗಳಾಗಿದ್ದೂ ಮನಸ್ಸಿನೊಳಗೆ ಉರ್ದು ಮಾಸ್ತರರ ಪಂಗಡಕ್ಕೆ ಸೇರಿದೆ. ಆದರೆ ಅವರ ಮಾತು ಖರೆಯೋ ಅಪ್ಪನ ಮಾತು ಖರೆಯೋ ಹೇಳುವವರು ಯಾರು?

ಹೇಳುವವನನ್ನು ಸ್ವಾಗತ ಸಮಿತಿಯವರೇ ಕರೆದರು, ಗೊತ್ತಿಲ್ಲದೆ. ಆ ಜಪಾನೀ ವ್ಯಾಪಾರಿ ಮತ್ತೆ ಕಲ್ಲು ನೋಡಲು ಬಂದಿದ್ದ. ಮುಖ್ಯ ಅತಿಥಿಯಾಗಿ ಪರದೇಶದವನೊಬ್ಬ ಕೂತರೆ ಸಮ್ಮೇಳನಕ್ಕೆ ಕಳೆ ಬರುತ್ತದೆ ಎಂಬುದಷ್ಟೇ ಅವರ ವಿಚಾರ. ಪುಸ್ತಕದ ಬಗ್ಗೆ ಅವನನ್ನು ಏನಾದರೂ ಕೇಳಬೇಕೆಂದು ಯಾರ ತಲೆಯಲ್ಲೂ ಇರಲಿಲ್ಲ. ಅವನು ಕಲ್ಲಿನ ಮನುಷ್ಯ, ಸಾಹಿತ್ಯ ಅವನಿಗೇನು ಗೊತ್ತು ಎಂದು ಅಪ್ಪನೂ ಅಂದ, ಉರ್ದು ಮಾಸ್ತರರೂ ಅಂದರು. ಅದೊಂದು ಮಾತಿನಲ್ಲಿ ಇಬ್ಬರೂ ಕೂಡಿದ್ದರು.

ಇಳಕಲ್ಲಿಗೆ ಹೊರಟ ನಮ್ಮ ಬಸ್ಸು ಹುನಗುಂದದ ಸ್ಟ್ಯಾಂಡಿನಲ್ಲಿ ನಿಂತಿತು. ಅಜ್ಜನ ಮನೆ ಅಲ್ಲಿಂದ ಎರಡು ಓಣಿ ಆಚೆ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅಧ್ಯಕ್ಷ ಭಾಷಣದ ಹಾಳೆಗಳನ್ನು ತಿರುವುತ್ತಿದ್ದ, ತಲೆ ಎತ್ತಲಿಲ್ಲ. ಅಂಗಿಯ ತೋಳು ಹಿಡಿದು ಎಳೆದೆ. "ಹೊತ್ತಾಗತೈತಿ" ಎಂದ. ಬಸ್ಸು ಬಿಟ್ಟಿತು. ಅವನ ಮೇಲೆ ಅಷ್ಟು ಸಿಟ್ಟು ನನಗೆ ಆಮೇಲೆ ಎಂದೂ ಬಂದಿಲ್ಲ.

ಸಮ್ಮೇಳನ ಭರ್ಜರಿಯಾಗಿತ್ತು. ಅಪ್ಪ ಅಧ್ಯಕ್ಷ, ಉರ್ದು ಮಾಸ್ತರರು ಉದ್ಘಾಟಕರು. ನಡುವೆ ಆ ಜಪಾನೀ ಅತಿಥಿ, ತಲೆಗೆ ರುಮಾಲು ಸುತ್ತಿಸಿಕೊಂಡು, ಯಾತಕ್ಕೆ ಕರೆದರು ಎಂಬುದು ತಿಳಿಯದೆ ಎಲ್ಲರಿಗೂ ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಿದ್ದ. ಅವನಿಗೆ ಶಾಲು ಹೊದಿಸಿದರು, ಹೆಂಡತಿಗೆಂದು ಇಳಕಲ್ ಸೀರೆ, ಒಂದು ಕುಪ್ಪಸದ ಖಣ ಕೊಟ್ಟರು. ನೆನಪಿನ ಕಾಣಿಕೆ ಎಂದು ಕೆಂಪು ಗ್ರಾನೈಟಿನ ಒಂದು ಹಲಗೆಯನ್ನು ಇಬ್ಬರು ಹೊತ್ತು ತಂದು ಮುಂದಿಟ್ಟರು. ಅವನು ರೂಢಿಯಂತೆ ಅದನ್ನು ಬಗ್ಗಿ ನೋಡಿದ. ಹಿಂದಿನ ಮಗ್ಗುಲಿಗೆ ಅವನೇ ಹಾಕಿದ್ದ, ಬೇಡ ಎಂಬ ಗುರುತು ಹಾಗೆಯೇ ಇತ್ತು. ಆದರೂ ಪಾಪ, ಬಗ್ಗಿ ನಮಸ್ಕಾರ ಮಾಡಿದ.

ಅವನಿಗೆ ಹೂವಿನ ಗುಚ್ಛ ಕೊಡುವ ಕೆಲಸ ನನ್ನದು. ಅಧ್ಯಕ್ಷರ ಮಗಳಲ್ಲವೇ. ವೇದಿಕೆ ಹತ್ತಿದೆ, ಕೊಟ್ಟೆ. ಮೇಜಿನ ಮೇಲೆ ರೇಷ್ಮೆ ಬಟ್ಟೆಯಲ್ಲಿ ಪುಸ್ತಕ ಇತ್ತು. ಬಟ್ಟೆ ಬಿಚ್ಚಿ ಪುಸ್ತಕ ತೆಗೆದು ಅವನ ಮುಂದಿಟ್ಟೆ. ದುಭಾಷಿಯಾಗಿ ಹಿಂದೆ ನಿಂತಿದ್ದವನು ಪುಸ್ತಕ ತಂದುಕೊಟ್ಟಿದ್ದ ಅದೇ ಗುಮಾಸ್ತ, ಅವನಿಗೆ ಹೇಳಿದೆ: "ಅಣ್ಣಾ, ಇವರನ್ನ ಕೇಳು. ಈ ಹುಡುಗಗ ಅವ್ವ ಸಿಗ್ತಾಳೋ ಇಲ್ಲೋ?"

ಮೈಕು ಹತ್ತಿರವೇ ಇತ್ತು. ನನ್ನ ಪ್ರಶ್ನೆ ಇಡೀ ಮಂಟಪಕ್ಕೆ ಕೇಳಿಸಿತು. ಅಪ್ಪ ನನ್ನತ್ತ ಕಣ್ಣು ಬಿಟ್ಟ. ಎಡದವರು, ಬಲದವರು ಎಲ್ಲರೂ ಕೂತಲ್ಲೇ ಮುಂದಕ್ಕೆ ಬಾಗಿದರು. ಇನ್ನು ಕೇಳದೆ ಬೇರೆ ದಾರಿ ಇರಲಿಲ್ಲ. ಗುಮಾಸ್ತ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕೇಳಿದ. ಅತಿಥಿ ಪುಸ್ತಕ ನೋಡಿ ಮೊದಲು ಆಶ್ಚರ್ಯಪಟ್ಟ, ಆಮೇಲೆ ಗುರುತು ಹಿಡಿದು ನಕ್ಕ. ಬಲಗಡೆಯಿಂದ ತೆರೆದ. ಉರ್ದು ಮಾಸ್ತರರು ಎದ್ದು ನಿಂತೇಬಿಟ್ಟರು, ಅವರ ಪಂಗಡದವರು ಸೀಟಿ ಹೊಡೆದರು. ನನಗೂ ಕುಣಿಯಬೇಕು ಅನಿಸಿತು.

ಅತಿಥಿ ಹಾಳೆ ತಿರುವುತ್ತ ಕಡೆಯ ಚಿತ್ರಕ್ಕೆ, ಆ ತಬ್ಬಿಕೊಂಡ ಚಿತ್ರಕ್ಕೆ ಬಂದ. ತಲೆ ಅಲ್ಲಾಡಿಸಿದ. ಗುಮಾಸ್ತನಿಗೆ ಏನೋ ಹೇಳಿದ. ಗುಮಾಸ್ತ ಅಪ್ಪನನ್ನೂ ನೋಡಿದ, ಮಾಸ್ತರರನ್ನೂ ನೋಡಿದ.

"ಆಕಿ ಅವನ ತಾಯಿ ಅಲ್ಲಂತ್ರಿ. ದಾರಿಯೊಳಗ ಒಂದ್ ರಾತ್ರಿ ಆಸರಾ ಕೊಟ್ಟಿದ್ದ ಮನಿಯಾಕಿ ಅಂತ. ಕಥಿ ಇನ್ನೂ ಮುಗಿದಿಲ್ಲಂತ. ಇದು ನಡುವಿನ ಭಾಗ ಅಂತ, ಇದರ ಮುಂದ ಇನ್ನೂ ಭಾಗ ಅದಾವಂತ."

ಉರ್ದು ಮಾಸ್ತರರು ಮೆಲ್ಲಗೆ ಕೂತರು.

"ಹಂಗಾರ ಮುಂದ ಏನಾಗತೈತಿ?" ಎಂದೆ.

ಆ ಮನುಷ್ಯ ನನ್ನ ಮುಖ ನೋಡಿ, ಯಾಕೋ ಸಣ್ಣ ಮುಖ ಮಾಡಿಕೊಂಡು ಹೇಳಿದ್ದನ್ನು ಗುಮಾಸ್ತ ಕನ್ನಡಕ್ಕೆ ತಂದ. "ಅವರಿಗೆ ಗೊತ್ತಿಲ್ಲಂತವಾ. ವಿಮಾನದಾಗ ಹೊತ್ತು ಹೋಗಲಿ ಅಂತ ಇದೊಂದ ತೊಗೊಂಡಿದ್ರಂತ. ಉಳಿದಾವು ಓದಿಲ್ಲಂತ."

ಮುಂದಿನದು ನಮ್ಮವರ ಜಾಣತನ. ಕಾರ್ಯದರ್ಶಿ ಮೈಕು ಕಸಿದುಕೊಂಡು, ಉಳಿದ ಭಾಗಗಳನ್ನು ಸರಕಾರ ಕೂಡಲೇ ತರಿಸಿಕೊಡಬೇಕು ಎಂದು ಠರಾವು ಓದಿದ. ಸರ್ವಾನುಮತದಿಂದ ಪಾಸಾಯಿತು. ಆಭಾರ ಮನ್ನಣೆ ಆಯಿತು. ರಾಷ್ಟ್ರಗೀತೆ ಆಯಿತು. ಅಧ್ಯಕ್ಷ ಭಾಷಣವೇ ಆಗಿಲ್ಲ ಎಂಬುದು ನೆನಪಾಗುವ ಹೊತ್ತಿಗೆ ಮಂದಿ ಊಟದ ಪಂಕ್ತಿಯಲ್ಲಿ ಕೂತಿದ್ದರು. ಅಪ್ಪ ವೇದಿಕೆಯ ಮೇಲೆ ಒಬ್ಬನೇ ಕೂತಿದ್ದ, ತೊಡೆಯ ಮೇಲೆ ಭಾಷಣದ ಹಾಳೆಗಳು. ಬೈಯುತ್ತಾನೆ ಎಂದು ನಾನು ದೂರ ನಿಂತಿದ್ದೆ. ಅವನು ಎದ್ದು ಬಂದು, "ನಡಿ" ಎಂದಷ್ಟೇ ಅಂದ. ಊಟವನ್ನೂ ಮಾಡಲಿಲ್ಲ.

ಬಸ್ಸು ಹುನಗುಂದದಲ್ಲಿ ನಿಂತಾಗ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಅಪ್ಪ ಚೀಲ ತೆಗೆದುಕೊಂಡು ಇಳಿದುಬಿಟ್ಟ. ಕಂಡಕ್ಟರ್ ಸೀಟಿ ಊದಿದ ಮೇಲೆಯೇ ನನಗೆ ತಿಳಿದದ್ದು, ಹಾರಿ ಇಳಿದೆ.

ಅವ್ವ ಅಜ್ಜನ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಬ್ಯಾಳಿ ಹಸನು ಮಾಡುತ್ತ ಕೂತಿದ್ದಳು. ಅಂದರೆ ಅಪ್ಪ ಓಣಿಯವರಿಗೆ ಹೇಳಿದ್ದ ಸುಳ್ಳು ಅಷ್ಟರ ಮಟ್ಟಿಗೆ ಖರೆಯಾಗಿತ್ತು. ನಾನು ಓಡಿ ಹೋಗಿ ಅವಳ ಕೊರಳಿಗೆ ಬಿದ್ದೆ, ಬ್ಯಾಳಿ ಚೆಲ್ಲಿತು. ಅಪ್ಪ ಅಂಗಳದಲ್ಲೇ ನಿಂತ. ಕೊರಳಲ್ಲಿ ಚೆಂಡು ಹೂವಿನ ಹಾರ ಇನ್ನೂ ಇತ್ತು, ಅದನ್ನು ತೆಗೆಯುವುದು ಮರೆತಿದ್ದ.

"ಸಮ್ಮೇಳನ ಆತೇನ್ರಿ?" ಎಂದಳು ಅವ್ವ, ಮೊರದಿಂದ ಕಣ್ಣೆತ್ತದೆ.

"ಆತು."

ಅಪ್ಪ ಹಾರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ, ಎಲ್ಲಿಡಬೇಕೋ ತಿಳಿಯದೆ ಮತ್ತೆ ಹಾಕಿಕೊಂಡ. "ಆ ಪುಸ್ತಕ… ಕಥಿ ಮುಗಿದಿಲ್ಲಂತ. ನೀ ಅವತ್ತ ಕೇಳಿದ್ಯಲ್ಲ. ಮುಂದ ಐತಂತ."

ಅವ್ವನ ಕೈ ನಿಂತಿತು. "ಏನಂತ ಮುಂದ?"

ಅಪ್ಪ ಬಾಯಿ ತೆರೆದ. ಆ ಬಾಯಿ ನನಗೆ ಚೆನ್ನಾಗಿ ಗೊತ್ತಿತ್ತು. ಏನಾದರೊಂದು ಹೇಳುತ್ತಾನೆ, ಜಪಾನಿನ ಪದ್ಧತಿ ಹೀಗೆ ಅನ್ನುತ್ತಾನೆ, ಅವ್ವ ಎದ್ದು ಒಳಗೆ ಹೋಗುತ್ತಾಳೆ, ಅಲ್ಲಿಗೆ ಮುಗಿಯಿತು ಅಂದುಕೊಂಡೆ.

"ಗೊತ್ತಿಲ್ಲ" ಎಂದ ಅಪ್ಪ.

ಅವ್ವ ತಲೆ ಎತ್ತಿ ಅವನನ್ನು ನೋಡಿದಳು. "ಏನಂದ್ರಿ?"

"ಗೊತ್ತಿಲ್ಲ ಅಂದ್ನೆಲ್ಲ! ನನಗ ಗೊತ್ತಿಲ್ಲ. ಎಷ್ಟು ಸಲ ಹೇಳ್ಬೇಕು?" ಸಿಟ್ಟಿನಿಂದಲೇ ಹೇಳಿದ, ಆದರೆ ಅವನ ಕಣ್ಣಲ್ಲಿ ನೀರಿತ್ತು.

ಅವ್ವ ಮೊರ ಬದಿಗಿಟ್ಟು, "ಉಂಡಂಗ ಕಾಣಂಗಿಲ್ಲ. ಕಾಲು ತೊಳಕೊಳ್ರಿ" ಎಂದಳು.

ಸಂಜೆಯ ಬಸ್ಸಿಗೆ ಮೂವರೂ ಬಾಗಲಕೋಟೆಗೆ ಹೊರಟೆವು. ಅಮೀನಗಡದಲ್ಲಿ ಅಪ್ಪ ಕಿಟಕಿಯಿಂದಲೇ ಕರದಂಟು ಕೊಂಡು ಅವ್ವನ ಕೈಗೆ ಕೊಟ್ಟ, ನನಗಲ್ಲ. ಬಸ್ಸು ಬಿಟ್ಟ ಮೇಲೆ ನಾನು ಅವ್ವನ ತೋಳಿಗೆ ಒರಗಿ, "ಆ ಹುಡುಗಂದು ಏನಾಗಿರಬೇಕಬೇ?" ಎಂದೆ. ಅವ್ವ ಹೇಳತೊಡಗಿದಳು. ಹುಡುಗ ನಡೆದು ನಡೆದು ಬೇವೂರಿನಂಥ ಒಂದು ಊರಿಗೆ ಬಂದನಂತೆ. ಊರ ಹೊರಗೆ ಬೀರಪ್ಪನ ಗುಡಿ, ಅಲ್ಲಿ ಕುರಿ ತರುಬಿದ್ದ ಹಾಲುಮತದ ಕುರುಬರು. ಅವರು ಅವನಿಗೆ ರೊಟ್ಟಿ ಕೊಟ್ಟು, ಕಂಬಳಿ ಹೊದಿಸಿ, ಯಾರ ಮಗ ನೀನು ಎಂದು ಕೇಳಿದರಂತೆ.

ಜಪಾನಿನಲ್ಲಿ ಬೀರಪ್ಪನ ಗುಡಿ! ನಾನು ಅಪ್ಪನ ಕಡೆ ನೋಡಿದೆ. ಅವನ ತುಟಿ ಒಮ್ಮೆ ಅಲ್ಲಾಡಿತು. ಆದರೆ ಅವನು ರಸ್ತೆಯ ಕಡೆ ಮುಖ ತಿರುಗಿಸಿಕೊಂಡ.

ಕಮತಗಿಯಲ್ಲಿ ಬಸ್ಸು ನಿಂತಿತು. ಮಂದಿ ಹತ್ತಿದರು, ಇಳಿದರು, ಗದ್ದಲದಲ್ಲಿ ಅವ್ವ ಮಾತು ನಿಲ್ಲಿಸಿದಳು. ಬಸ್ಸು ಮತ್ತೆ ಹೊರಟರೂ ಅವಳು ಸುಮ್ಮನೇ ಇದ್ದಳು, ನನಗೆ ನಿದ್ದೆ ಬಂದಿದೆ ಅಂದುಕೊಂಡಿರಬೇಕು.

ಅಪ್ಪ ರಸ್ತೆಯನ್ನೇ ನೋಡುತ್ತ ಕೂತಿದ್ದವನು ಅವಳ ಕಡೆ ತಿರುಗಿದ.

"ಮುಂದ?" ಎಂದ.